ಕಿಟೆಲ್ ಎಂಬ ಹೆಸರಿನ ಬಗ್ಗೆ ಬರೆದವರಿಗೆ

ಮಾನ್ಯರೇ,

ಫರ್ಡಿನಾಂಡ್ ಕಿಟೆಲರ ಕುಲನಾಮದ ಮೂಲವನ್ನು ಕುರಿತ ನಿಮ್ಮ ಲೇಖನವನ್ನು ಗಮನವಿಟ್ಟು ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾಗದು. ತಿದ್ದಿ ಬರೆದರೆ ನಿಲ್ಲುವ ಲೇಖನವಿದು ಎನ್ನಿಸಿದ್ದರಿಂದ ಕಾರಣಗಳನ್ನು ಮುಚ್ಚುಮರೆಯಿಲ್ಲದೆ ತಿಳಿಸುತ್ತಿದ್ದೇನೆ.

ಆ ಹೆಸರಿಗೂ ನಮ್ಮ ‘ಕಿಟ್ಟ’, ‘ಕಿಟ್ಟಣ್ಣ’ಗಳಿಗೂ ನಂಟು ಕಲ್ಪಿಸಿ ಮೊದಲ ಎರಡು ಪುಟಗಳನ್ನು ತುಂಬಿಸಿದ್ದೀರಿ. ಕೃಷ್ಣ ನಮ್ಮ ಬಾಯಲ್ಲಿ ಕಿಟ್ಟನಾದದ್ದು ನಿಜ; ಅವನು ಜರ್ಮನಿಯಲ್ಲಿ ಕುಲನಾಮವಾದ ದಾರಿಯನ್ನು ಮಾತ್ರ ನೀವು ತೋರಿಸಿಲ್ಲ, ಅಂಥ ದಾರಿಯೇ ಇಲ್ಲ. 1894ರ ತಮ್ಮ ಕನ್ನಡ–ಇಂಗ್ಲಿಷ್ ನಿಘಂಟಿನ ಪೀಠಿಕೆಯಲ್ಲಿ, ಸಂಸ್ಕೃತಕ್ಕೆ ಹೋದ ದ್ರಾವಿಡ ಪದಗಳನ್ನು ಗುರುತಿಸಲು ಕಾರಣಗಳನ್ನು ಮುಂದಿಟ್ಟು ವಾದಿಸಿದ ವಿದ್ವಾಂಸರ ಹೆಸರಿಗೇ ಹೀಗೆ ಉಚ್ಚಾರದ ಹೋಲಿಕೆಯೊಂದನ್ನೇ ನೆಚ್ಚಿ ಮೂಲ ಹೇಳುವುದು ಸಲ್ಲದು.

ಸರಿಯಾದ ಉತ್ತರ ನಿಮ್ಮ ಐದನೆಯ ಪುಟದ ಮೂಲೆಯಲ್ಲಿದೆ. ಮಧ್ಯಯುಗದ ಜರ್ಮನ್‌ನಲ್ಲಿ ‘ಕಿಟೆಲ್’ ಎಂಬ ಪದಕ್ಕೆ ಸಡಿಲವಾದ ಮೇಲಂಗಿ ಎಂದರ್ಥ. ಇಂದಿಗೂ ಅಲ್ಲಿನ ವೈದ್ಯರ ಬಿಳಿ ಕೋಟಿಗೆ ಅದೇ ಮಾತು. ಇಂಥ ಅಂಗಿಯನ್ನು ಸದಾ ತೊಡುತ್ತಿದ್ದವನಿಗೆ ಊರವರಿಟ್ಟ ಅಡ್ಡಹೆಸರೋ, ಅದನ್ನು ಹೊಲಿಯುತ್ತಿದ್ದವನ ಕಸುಬಿನ ಗುರುತೋ ಕುಲನಾಮವಾಗಿ ನಿಂತಿತು. ನೀವು ಎರಡನೆಯದೇ ಖಚಿತ ಎಂದಿದ್ದೀರಿ. ಆದರೆ ದರ್ಜಿಯ ಷ್ನೈಡರ್, ರೊಟ್ಟಿ ಸುಡುವವನ ಬೆಕರ್‌ಗಳಂತೆ ಕಸುಬಿನ ಹೆಸರುಗಳು ಹೆಚ್ಚಾಗಿ ‘ಅರ್’ ಎಂದು ಮುಗಿಯುತ್ತವೆ, ‘ಕಿಟ್ಲರ್’ ಎಂಬ ಕುಲನಾಮ ಬೇರೆಯೇ ಇದೆ. ನನಗಂತೂ ಅಡ್ಡಹೆಸರಿನ ಪಕ್ಷವೇ ಬಲವಾಗಿ ಕಾಣುತ್ತದೆ.

ಕಿಟೆಲರು 1832ರಲ್ಲಿ ಹುಟ್ಟಿದ ರೆಸ್ಟರ್‌ಹಾಫೆ ಜರ್ಮನಿಯ ವಾಯವ್ಯ ಕರಾವಳಿಯ ಪೂರ್ವ ಫ್ರೀಸ್‌ಲ್ಯಾಂಡಿನಲ್ಲಿದೆ ಎಂಬ ಒಂದೇ ಕಾರಣಕ್ಕೆ ಹೆಸರನ್ನೂ ‘ಪ್ರಾಚೀನ ಫ್ರೀಸಿಯನ್ ಕುಲದ್ದು’ ಎಂದುಬಿಟ್ಟಿದ್ದೀರಿ. ಆ ಸೀಮೆಯಲ್ಲಿ ವಾಡಿಕೆಯಾಗಿದ್ದದ್ದು ತಂದೆಯ ಹೆಸರಿನಿಂದ ಮಕ್ಕಳ ಎರಡನೆಯ ಹೆಸರು ಹುಟ್ಟಿ, ತಲೆಮಾರಿಗೊಮ್ಮೆ ಬದಲಾಗುವ ಪದ್ಧತಿ: ಯಾನ್‌ನ ಮಗ ಯಾನ್ಸೆನ್, ಹಿನ್ರಿಖ್‌ನ ಮಗ ಹಿನ್ರಿಖ್ಸ್. ಸ್ಥಿರವಾದ ಕುಲನಾಮ ಇಟ್ಟುಕೊಳ್ಳಬೇಕೆಂದು ಆಗ ಆ ಸೀಮೆಯನ್ನಾಳುತ್ತಿದ್ದ ನೆಪೋಲಿಯನ್ ಆಜ್ಞೆ ಹೊರಡಿಸಿದ್ದೇ 1811ರಲ್ಲಿ. ಇತ್ತ ಹೆಸರಾಂತ ಜರ್ಮನ್ ಸಂಗೀತಗಾರ ಬಾಖ್‌ನ ಶಿಷ್ಯನಾಗಿದ್ದ ಆರ್ಗನ್ ವಾದಕ ಯೋಹಾನ್ ಕ್ರಿಸ್ಟಿಯಾನ್ ಕಿಟೆಲ್ 1732ರಲ್ಲೇ, ಫ್ರೀಸ್‌ಲ್ಯಾಂಡಿನಿಂದ ಬಹುದೂರದ ಎರ್ಫುರ್ಟ್‌ನಲ್ಲಿ ಹುಟ್ಟಿದ್ದ. ವ್ಯಕ್ತಿಯ ಹುಟ್ಟೂರು ಹೆಸರಿನ ಹುಟ್ಟೂರಾಗಬೇಕಿಲ್ಲ.

ಕೊನೆಯಲ್ಲಿ ಅಂಟಿಸಿರುವ ‘ಕಿಟೆಲ್ ವಂಶಲಾಂಛನ’ದ ಚಿತ್ರವನ್ನು ತೆಗೆದುಹಾಕಿ, ಲಾಂಛನ ಸೇರುವುದು ಒಂದು ನಿರ್ದಿಷ್ಟ ಮನೆತನಕ್ಕೆ, ಆ ಹೆಸರಿನವರೆಲ್ಲರಿಗೂ ಅಲ್ಲ. ಐದನೆಯ ಪುಟವನ್ನೇ ಆರಂಭವಾಗಿಸಿ, ಅಂಗಿಯ ಮಾತನ್ನು ವಿಸ್ತರಿಸಿ, ಅರ್ಧದಷ್ಟು ಉದ್ದದಲ್ಲಿ ಮತ್ತೆ ಕಳುಹಿಸಿ.

ಸಂಪಾದಕ