ಕಾಳಿ ಹೊಳೆಯ ಎರಡೂ ದಡ: ಎಂಬತ್ತರ ದಶಕದ ಕಾರವಾರ

ಮಂಡ್ಯದಿಂದ ವರ್ಗವಾಗಿ ಕಾರವಾರಕ್ಕೆ ಬಂದು ಇನ್ನೂ ವರ್ಷ ತುಂಬದ ನೀವು ಮೊನ್ನೆ ಕೋಡಿಬಾಗದ ದಂಡೆಯಲ್ಲಿ ನಿಂತು ಕೇಳಿದ ಪ್ರಶ್ನೆಗೆ ನಾನು ಆಗ ಕೊಟ್ಟ ಉತ್ತರ ಸಾಲದೆಂದು ಮನೆಗೆ ಬಂದ ಮೇಲೆ ಅನ್ನಿಸಿತು. ಶಾಲೆಗಳಲ್ಲಿ ಕನ್ನಡಕ್ಕೆ ಮೊದಲ ಸ್ಥಾನ ಸಿಗಬೇಕೆಂಬ ಗೋಕಾಕ್ ಚಳವಳಿಯಿಂದ ಇಡೀ ರಾಜ್ಯ ಕಾವೇರಿದ್ದ ಎಂಬತ್ತರ ದಶಕದಲ್ಲಿ, ಗಡಿಗೆ ಅಂಟಿಕೊಂಡಿರುವ ನಿಮ್ಮೂರಿನಲ್ಲಿ ಕೊಂಕಣಿ, ಮರಾಠಿ, ಕನ್ನಡಗಳ ಜಗಳ ಎಷ್ಟು ಜೋರಾಗಿದ್ದಿರಬೇಕು ಎಂದು ನೀವು ಕೇಳಿದಿರಿ. ಭಾಷೆಯ ಮಾತು ಇಲ್ಲಿ ಇರಲೇ ಇಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಆ ಹತ್ತು ವರ್ಷ ನಮ್ಮ ಮನೆಗಳ ಜಗಲಿಯಲ್ಲಿ ಊಟವಾದ ಮೇಲೂ ಮುಗಿಯದೆ ನಡೆಯುತ್ತಿದ್ದ ಮಾತು ನೆಲದ್ದು, ನೀರಿನದ್ದು, ಕಾಡಿನದ್ದು. ಯಾವ ಊರು ಹೋಗುತ್ತದೆ, ಯಾವುದು ಉಳಿಯುತ್ತದೆ ಎಂಬುದೇ ನಮ್ಮ ಮುಖ್ಯ ರಾಜಕಾರಣವಾಗಿತ್ತು.

ನೀವು ನಿಂತಿದ್ದ ಜಾಗದ ಎದುರಿಗೇ ಹಳೆಯ ಕಾಳಿ ಸೇತುವೆ ಇತ್ತು. 2024ರ ಆಗಸ್ಟ್ 7ರಂದು, ಮಧ್ಯರಾತ್ರಿ ಕಳೆದು ಸ್ವಲ್ಪ ಹೊತ್ತಿಗೆ, ಅದು ಕುಸಿದು ಒಂದು ಲಾರಿಯೂ ಅದರೊಂದಿಗೆ ಹೊಳೆಗೆ ಬಿತ್ತು, ಚಾಲಕ ಬದುಕಿಕೊಂಡ. ಹೊಳೆಯ ಉತ್ತರ ದಡದ ಸದಾಶಿವಗಡದ ಬದಿಯಲ್ಲಿ ಬೆಳೆದ ನನ್ನಂಥವರಿಗೆ ಎಂಬತ್ತರ ದಶಕ ಶುರುವಾದದ್ದೇ ಆ ಸೇತುವೆಯಿಂದ. ಅದಕ್ಕೆ ಮುಂಚೆ ಕಾರವಾರ ಪೇಟೆ ಕಣ್ಣಿಗೆ ಕಾಣುತ್ತಿದ್ದರೂ ಕಾಲಿಗೆ ಸಿಗದ ಊರಾಗಿತ್ತು. ಆಸ್ಪತ್ರೆಗೆ, ಕಚೇರಿಗೆ, ಕಾಲೇಜಿಗೆ ಹೋಗುವವರೆಲ್ಲ ದಂಡೆಗೆ ಬಂದು ಲಾಂಚಿಗೆ ಕಾಯಬೇಕಿತ್ತು. ಮೀನು ಮಾರುವ ಹೆಂಗಸರು ಬುಟ್ಟಿಗಳನ್ನು ಮೊಣಕಾಲ ಮಧ್ಯೆ ಇಟ್ಟುಕೊಂಡು ಕೂರುತ್ತಿದ್ದರು. ಬಂಗಡೆಯ ನೀರು ಹಲಗೆಯ ಮೇಲೆ ಹರಿದು ಬಂದು ಶಾಲೆಯ ಮಕ್ಕಳ ಚಪ್ಪಲಿ ತೋಯಿಸುತ್ತಿತ್ತು. ಮಳೆಗಾಲದಲ್ಲಿ ಹೊಳೆ ಕೆಂಪಾಗಿ ಹರಿಯತೊಡಗಿದರೆ ಅಮ್ಮ ನನ್ನ ಕೈಯನ್ನು ದಡ ಮುಟ್ಟುವವರೆಗೂ ಬಿಡುತ್ತಿರಲಿಲ್ಲ. ಸೇತುವೆಯ ಮೇಲೆ ಮೊದಲ ಸಲ ಬಸ್ಸಿನಲ್ಲಿ ದಾಟಿದ ದಿನ ಎಲ್ಲರೂ ಕಿಟಕಿಯ ಕಡೆ ವಾಲಿ, ನಾವು ಅಷ್ಟು ವರ್ಷ ಕಾದು ನಿಂತ ದಂಡೆಯನ್ನು ಮೇಲಿನಿಂದ ನೋಡಿದ್ದು ನನಗೆ ಇವತ್ತಿಗೂ ಚೆನ್ನಾಗಿ ನೆನಪಿದೆ. ಸರಕಾರ ಎಂಬುದು ನಮ್ಮ ಬದಿಗೆ ಬಂದದ್ದು ಆ ಸೇತುವೆಯ ಮೇಲೆಯೇ.

ಭಾಷೆಯ ವಿಷಯಕ್ಕೆ ಬರುತ್ತೇನೆ. ಈ ಜಿಲ್ಲೆ 1862ರಿಂದ 1956ರವರೆಗೆ ಮುಂಬಯಿಯ ಆಡಳಿತದಲ್ಲಿತ್ತು. ಹೀಗಾಗಿ ಹೊಳೆಯ ಉತ್ತರದ ಊರುಗಳಲ್ಲಿ ಮನೆಯ ಮಾತು ಕೊಂಕಣಿ, ದೇವಸ್ಥಾನದ ಆರತಿ ಮರಾಠಿ, ಪಹಣಿಯೂ ಕೋರ್ಟೂ ಕನ್ನಡ ಎಂಬ ವ್ಯವಸ್ಥೆ ಯಾರೂ ಆಜ್ಞೆ ಮಾಡದೆ ತಾನಾಗಿ ನಿಂತಿತ್ತು. ನಮ್ಮ ಅಜ್ಜ ಮರಾಠಿ ಶಾಲೆಯಲ್ಲಿ ಕಲಿತವರು, ಅಪ್ಪ ಅರ್ಧ ಮರಾಠಿ ಅರ್ಧ ಕನ್ನಡ, ನಾವು ಪೂರ್ತಿ ಕನ್ನಡ. ಮಹಾರಾಷ್ಟ್ರ ತನಗೆ ಬರಬೇಕೆಂದು ಕೇಳುತ್ತ ಬಂದ ಊರುಗಳ ಪಟ್ಟಿಯಲ್ಲಿ ಕಾರವಾರವೂ ಇದೆ ಎಂಬುದು ನಿಮಗೆ ಗೊತ್ತಿರುತ್ತದೆ. 1982ರಲ್ಲಿ ಡಾ. ರಾಜ್‌ಕುಮಾರ್ ಗೋಕಾಕ್ ಚಳವಳಿಯ ಮುಂಚೂಣಿಗೆ ಬಂದಾಗ ನಮ್ಮಲ್ಲಿ ಉತ್ಸಾಹ, ಆತಂಕ ಎರಡೂ ಇದ್ದವು. ಅವರ ಸಿನಿಮಾ ನೋಡಿ ಕನ್ನಡ ಕಲಿತ ಕೊಂಕಣಿ ಮನೆಯ ಹುಡುಗರು ಅವರನ್ನು ನೋಡಬೇಕೆಂದು ಹಂಬಲಿಸಿದರು. ಅದೇ ಮನೆಯ ಹಿರಿಯರು ಊರಿನ ಮರಾಠಿ ಶಾಲೆಯ ಗತಿ ಏನಾಗುತ್ತದೋ ಎಂದು ಯೋಚಿಸಿದರು. ಆ ಎರಡೂ ಭಾವನೆಗಳು ಒಂದೇ ಪಂಕ್ತಿಯಲ್ಲಿ ಕೂತು ಉಣ್ಣುತ್ತಿದ್ದವು ಎಂಬುದನ್ನು ದಯವಿಟ್ಟು ಗಮನಿಸಿ.

ನಿಜಕ್ಕೂ ಭಾಷೆಯ ಹೆಸರಿನಲ್ಲಿ ಬೀದಿ ಉರಿದದ್ದು ಗಡಿಯ ಆಚೆ, ಗೋವಾದಲ್ಲಿ. ಕೊಂಕಣಿಯೇ ರಾಜಭಾಷೆಯಾಗಬೇಕು, ಮರಾಠಿಯೂ ಆಗಬೇಕು ಎಂಬ ಎರಡು ಪಕ್ಷಗಳ ಹೋರಾಟ ಅಲ್ಲಿ ವರ್ಷಗಟ್ಟಲೆ ನಡೆದು, 1987ರ ಫೆಬ್ರುವರಿಯಲ್ಲಿ ಭಾಷಾ ಕಾಯ್ದೆ ಬಂತು, ಮೇ 30ರಂದು ಗೋವಾ ರಾಜ್ಯವಾಯಿತು. ಮಾಜಾಳಿಯ ತಪಾಸಣಾ ಗೇಟಿನಿಂದ ಸ್ವಲ್ಪ ದೂರದಲ್ಲೇ ನಡೆದ ಈ ಸಂಗತಿ ನಮಗೆ ನೆಂಟರ ಮನೆಯ ವ್ಯಾಜ್ಯವಿದ್ದಂತೆ. ಕಾಣಕೋಣದಲ್ಲಿ ಹೆಣ್ಣು ಕೊಟ್ಟವರು, ಮಡಗಾಂವದಲ್ಲಿ ಕೆಲಸಕ್ಕಿದ್ದವರು ವಾರಕ್ಕೊಮ್ಮೆ ಸುದ್ದಿ ತರುತ್ತಿದ್ದರು. ಅಖಿಲ ಭಾರತ ಕೊಂಕಣಿ ಪರಿಷತ್ತಿನ ಮೊದಲ ಅಧಿವೇಶನ 1939ರಲ್ಲಿ ಕಾರವಾರದಲ್ಲೇ ನಡೆದದ್ದು ಎಂಬುದನ್ನು ನಮ್ಮ ಹಿರಿಯರು ಹೆಮ್ಮೆಯಿಂದ ಹೇಳುತ್ತಿದ್ದರು. ಹೇಳುತ್ತಿದ್ದದ್ದು ಮಾತ್ರ ಬಹುಪಾಲು ಕನ್ನಡದಲ್ಲಿ. ಗೋವಾದ ಸರಕಾರಿ ಬಸ್ಸಿನ ಮೇಲೆ ಕದಂಬ ಎಂಬ ಹೆಸರು ಕಂಡಾಗ, ಬನವಾಸಿ ನಮ್ಮ ಶಿರಸಿ ತಾಲೂಕಿನಲ್ಲಿದೆ ಎಂದು ಪಕ್ಕದ ಸೀಟಿನವರಿಗೆ ತಿಳಿಸುವ ಮೇಷ್ಟ್ರು ಪ್ರತಿ ಬಸ್ಸಿನಲ್ಲೂ ಒಬ್ಬರಾದರೂ ಇರುತ್ತಿದ್ದರು.

ಕನ್ನಡ ನಾಡಿನ ರಾಜಕಾರಣ ನಮ್ಮದೂ ಹೌದು ಎಂದು ಈ ಜಿಲ್ಲೆಗೆ ಅನ್ನಿಸಿದ್ದು ರಾಮಕೃಷ್ಣ ಹೆಗಡೆಯವರಿಂದ. ಸಿದ್ದಾಪುರ ತಾಲೂಕಿನ ದೊಡ್ಮನೆಯವರಾದ ಅವರು 1983ರ ಜನವರಿಯಲ್ಲಿ ರಾಜ್ಯದ ಮೊದಲ ಕಾಂಗ್ರೆಸ್ಸೇತರ ಮುಖ್ಯಮಂತ್ರಿಯಾದರು. ಘಟ್ಟದ ಮೇಲಿನ ಅಡಿಕೆ ತೋಟದ ಮನೆಗಳಲ್ಲಿ ಅದು ಹಬ್ಬ. ಕರಾವಳಿಯಲ್ಲಿ, ಅವರ ಪಕ್ಷಕ್ಕೆ ಮತ ಹಾಕದವರಿಗೂ, ಒಳಗೊಳಗೇ ಹಿಗ್ಗು. ಇಷ್ಟಾಗಿಯೂ ಲೋಕಸಭೆಗೆ ನಮ್ಮ ಜಿಲ್ಲೆ ಆ ದಶಕದುದ್ದಕ್ಕೂ ಕಾಂಗ್ರೆಸ್ಸಿನ ಜಿ. ದೇವರಾಯ ನಾಯ್ಕರನ್ನೇ ಕಳಿಸಿತು. ಒಂದೇ ಮತದಾರ ಬೆಂಗಳೂರಿಗೆ ಒಂದು ಲೆಕ್ಕ, ದಿಲ್ಲಿಗೆ ಇನ್ನೊಂದು ಲೆಕ್ಕ ಇಟ್ಟುಕೊಂಡಿದ್ದ. 1984ರ ಲೋಕಸಭಾ ಚುನಾವಣೆಯಲ್ಲಿ ತಮ್ಮ ಪಕ್ಷ ಸೋತದ್ದಕ್ಕೆ ಹೆಗಡೆಯವರು ರಾಜೀನಾಮೆ ಕೊಟ್ಟು, 1985ರಲ್ಲಿ ಮತ್ತೆ ಜನರ ಮುಂದೆ ಹೋಗಿ 139 ಸ್ಥಾನ ಗೆದ್ದರು. ಅಂಥ ನಡೆ ನಮ್ಮ ತಲೆಮಾರು ಆಮೇಲೆ ಹೆಚ್ಚು ಕಂಡಿಲ್ಲ.

ಅನಂತನಾಗ್, ಶಂಕರ್‌ನಾಗ್ ಅಣ್ಣತಮ್ಮಂದಿರು ಹೆಗಡೆಯವರ ಪರವಾಗಿ ಪ್ರಚಾರಕ್ಕಿಳಿದರು. ಶಂಕರ್‌ನಾಗ್ ಹುಟ್ಟಿದ್ದು ಹೊನ್ನಾವರದ ಹತ್ತಿರದ ಮಲ್ಲಾಪುರದಲ್ಲಿ, ಅವರ ಮನೆಮಾತು ಕೊಂಕಣಿ. ನಮ್ಮ ಮನೆಯಲ್ಲಿ ಆಡುವ ಮಾತನ್ನೇ ಆಡಿ ಬೆಳೆದವನೊಬ್ಬ ಇಡೀ ಕರ್ನಾಟಕದ ಆಟೋ ಚಾಲಕರ ಕಣ್ಮಣಿಯಾದ ಎಂಬುದು ಕಾರವಾರದ ಹುಡುಗನಿಗೆ ಕೊಟ್ಟ ಧೈರ್ಯವನ್ನು ಯಾವ ಭಾಷಾ ನೀತಿಯೂ ಕೊಡಲಾರದು ಎಂದು ನಾನು ನಂಬಿದ್ದೇನೆ. 1990ರ ಸೆಪ್ಟೆಂಬರ್ 30ರಂದು ಅವರು ದಾವಣಗೆರೆಯ ಬಳಿ ಅಪಘಾತದಲ್ಲಿ ತೀರಿಕೊಂಡರು. ಅದೇ ವರ್ಷ ಮೇ ತಿಂಗಳಲ್ಲಿ ಯಕ್ಷಗಾನದ ಭಾಗವತ ಕಾಳಿಂಗ ನಾವಡರೂ ಅಪಘಾತದಲ್ಲೇ ಹೋಗಿದ್ದರು. ನಮ್ಮ ಕರಾವಳಿಗೆ ಎಂಬತ್ತರ ದಶಕ ಮುಗಿದದ್ದು ಆ ಎರಡು ಸಾವುಗಳಿಂದ.

ಯಕ್ಷಗಾನದ ಬಗ್ಗೆ ಒಂದು ತಿದ್ದುಪಡಿ ಹೇಳಬೇಕು. ಉತ್ತರ ಕನ್ನಡ ಎಂದರೆ ಊರೂರಿಗೂ ಯಕ್ಷಗಾನ ಎಂದು ಹೊರಗಿನವರು ತಿಳಿದಿರುತ್ತಾರೆ. ಅಂಕೋಲೆಯಿಂದ ದಕ್ಷಿಣಕ್ಕೆ, ಕುಮಟಾ, ಹೊನ್ನಾವರ, ಭಟ್ಕಳಗಳಲ್ಲಿ ಅದು ನಿಜ. ಕಾಳಿಯ ಉತ್ತರಕ್ಕೆ ಜಾತ್ರೆಯ ರಾತ್ರಿ ಎಂದರೆ ಮರಾಠಿ ನಾಟಕ. ನಮ್ಮೂರ ಕೊಮಾರಪಂಥ, ಭಂಡಾರಿ, ಹರಿಕಂತ್ರ ಹುಡುಗರು ಎರಡು ತಿಂಗಳು ತಾಲೀಮು ನಡೆಸಿ ರಂಗಕ್ಕೇರುತ್ತಿದ್ದರು. ಸೇತುವೆಯಾದ ಮೇಲೆ ಡೇರೆ ಮೇಳಗಳ ಆಟಕ್ಕೆ ಟೆಂಪೋ ಮಾಡಿಕೊಂಡು ಹೋಗುವ ಚಟ ನಮ್ಮ ಬದಿಯವರಿಗೂ ಹತ್ತಿತು. ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ಭಸ್ಮಾಸುರನನ್ನು ನಾನು ಮೊದಲು ನೋಡಿದ್ದು ಹಾಗೆ ಹೋದಾಗಲೇ. ಬೆಳಗಿನ ಜಾವ, ಅರ್ಧ ಜನ ತೂಕಡಿಸುತ್ತಿದ್ದ ಹೊತ್ತಿನಲ್ಲಿ ಅವರು ರಂಗಕ್ಕೆ ಬಂದರೆ ಚಾಪೆಯ ಮೇಲೆ ಮಲಗಿದ್ದವರೆಲ್ಲ ಎದ್ದು ಕೂತರು. ಮಾತು ಪೂರ್ತಿ ತಿಳಿಯದ ನನ್ನ ಚಿಕ್ಕಪ್ಪ ಮರುದಿನ ಮೀನು ಪೇಟೆಯಲ್ಲಿ ಆ ಹೆಜ್ಜೆಯನ್ನು ಮಾಡಿ ತೋರಿಸಿದರು.

1987ರ ಜನವರಿಯಲ್ಲಿ ದೂರದರ್ಶನದಲ್ಲಿ ರಾಮಾಯಣ ಶುರುವಾದಾಗ ಇಡೀ ದೇಶದಂತೆ ನಮ್ಮೂರೂ ಭಾನುವಾರ ಬೆಳಗ್ಗೆ ಸ್ತಬ್ಧವಾಗುತ್ತಿತ್ತು. ಟಿವಿ ಇದ್ದ ಮೂರು ಮನೆಗಳ ಅಂಗಳದಲ್ಲಿ ನೂರು ಜೊತೆ ಚಪ್ಪಲಿ. ಅದೇ ತಿಂಗಳು ಹೆಗಡೆಯವರ ಸರಕಾರ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯತಿಗಳ ಚುನಾವಣೆಯನ್ನೂ ನಡೆಸಿತು. ಪಂಚಾಯತ್ ರಾಜ್ ಸಚಿವ ಅಬ್ದುಲ್ ನಜೀರ್ ಸಾಬರು ಕಟ್ಟಿದ ಆ ವ್ಯವಸ್ಥೆಯಲ್ಲಿ ಹೆಂಗಸರಿಗೆ ನೂರಕ್ಕೆ 25 ಸ್ಥಾನ ಮೀಸಲಾಗಿತ್ತು, ದೇಶದ ಸಂವಿಧಾನಕ್ಕೆ ಅಂಥ ತಿದ್ದುಪಡಿ ಬರುವುದಕ್ಕೆ ಐದಾರು ವರ್ಷ ಮೊದಲೇ. ನಮ್ಮ ಕೇರಿಯಲ್ಲಿ ಗೆದ್ದು ಬಂದ ಹೆಂಗಸೊಬ್ಬರು ಮೊದಲ ಸಭೆಗೆ ಹೋಗುವಾಗ ಅಂಗಳದಲ್ಲಿ ನಿಂತು, ಕೊಂಕಣಿಯಲ್ಲಿ ಮಾತಾಡಿದರೆ ಬರೆದುಕೊಳ್ಳುತ್ತಾರೋ ಎಂದು ಅಮ್ಮನನ್ನು ಕೇಳಿದರು. ಬರೆದುಕೊಂಡರು. ನಡಾವಳಿ ಕನ್ನಡದಲ್ಲೇ ಇತ್ತು. ಅವರು ಕೇಳಿದ ಬಾವಿ ಮಾತ್ರ ಆ ಬೇಸಗೆಯಲ್ಲೇ ಬಂತು. ನೀವು ಕೇಳಿದ ಭಾಷಾ ಪ್ರಶ್ನೆಗೆ ಆ ಕಾಲದಲ್ಲಿ ನಾನು ಕಂಡ ನೇರ ಉತ್ತರ ಅದೊಂದೇ.

ಇನ್ನು ನೆಲದ ಮಾತು. ಈ ಜಿಲ್ಲೆಯ ಬಹುಪಾಲು ಕಾಡು, ಉಳಿದದ್ದರಲ್ಲಿ ನಾವಿದ್ದೇವೆ. ಆ ದಶಕದಲ್ಲಿ ಬೇಡ್ತಿ ಜಲವಿದ್ಯುತ್ ಯೋಜನೆಯನ್ನು ಶಿರಸಿಯ ತೋಟಿಗರು ತಾವೇ ವಿಜ್ಞಾನಿಗಳನ್ನು ಕರೆಸಿ ಲಾಭನಷ್ಟ ಲೆಕ್ಕ ಹಾಕಿಸಿ ನಿಲ್ಲಿಸಿದರು. 1983ರ ಸೆಪ್ಟೆಂಬರ್ 8ರಂದು ಶಿರಸಿ ತಾಲೂಕಿನ ಸಾಲ್ಕಣಿಯ ಜನ ಕಾಡಿಗೆ ನಡೆದು ಹೋಗಿ ಮರಗಳನ್ನು ಅಪ್ಪಿ ನಿಂತರು; ಪಾಂಡುರಂಗ ಹೆಗಡೆಯವರು ಮುನ್ನಡೆಸಿದ ಆ ಅಪ್ಪಿಕೋ ಚಳವಳಿಯನ್ನು ಊರೂರಿಗೆ ಒಯ್ದದ್ದು ಹಾಡು, ಯಕ್ಷಗಾನ, ಪಾದಯಾತ್ರೆಗಳೇ. ಘಟ್ಟದ ಮೇಲೆ ಜನ ಗೆದ್ದರು. ಕಾಳಿಯ ಕಣಿವೆಯಲ್ಲಿ ಹಾಗಾಗಲಿಲ್ಲ. ಸೂಪಾ ಅಣೆಕಟ್ಟಿನ ಹಿನ್ನೀರಿನಲ್ಲಿ ಒಂದು ತಾಲೂಕಿನ ಪಟ್ಟಣವೇ ಮುಳುಗಿ ಜೋಯಿಡಾ ಹೊಸ ಕೇಂದ್ರವಾಯಿತು. ಅದರ ಕೆಳಗೆ ಕದ್ರಾ, ಕೊಡಸಳ್ಳಿ, ಅವುಗಳ ನಡುವೆ ಕೈಗಾ ಅಣು ವಿದ್ಯುತ್ ಸ್ಥಾವರ. ಕೈಗಾ ಬೇಡವೆಂದು ಎಂಬತ್ತೇಳರ ವಯಸ್ಸಿನ ಶಿವರಾಮ ಕಾರಂತರು 1989ರಲ್ಲಿ ಇಲ್ಲಿಂದ ಲೋಕಸಭೆಗೆ ಪಕ್ಷೇತರರಾಗಿ ನಿಂತರು. ಅವರ ಸಭೆಗೆ ಜನ ಬಂದು ಗೌರವದಿಂದ ಕೇಳಿ, ಮತ ಹಾಕುವಾಗ ಪಕ್ಷಕ್ಕೆ ಹಾಕಿದರು. ಆ ಸೋಲು ನಮ್ಮ ಜಿಲ್ಲೆಯ ಮೇಲಿರುವ ಋಣ ಎಂದು ನನಗೆ ಇಂದಿಗೂ ಅನ್ನಿಸುತ್ತದೆ. ಕೈಗಾದಲ್ಲಿ ಕೆಲಸ ಸಿಕ್ಕು ಮಕ್ಕಳನ್ನು ಓದಿಸಿದ ನನ್ನ ಗೆಳೆಯರು ಇದನ್ನು ಒಪ್ಪುವುದಿಲ್ಲ. ಅವರ ಮಾತಿನಲ್ಲೂ ಸತ್ಯವಿದೆ. ಸಮುದ್ರದ ಮೇಲೆ ಯಾಂತ್ರಿಕ ದೋಣಿಗಳು ಬಂದು ಊರೆಲ್ಲ ಸೇರಿ ಎಳೆಯುತ್ತಿದ್ದ ರಾಂಪಣಿ ಬಲೆ ಬಡವಾದದ್ದೂ ಇದೇ ಕಾಲದಲ್ಲಿ, ಅದರ ಕತೆ ಬೇರೆಯೇ ಉಂಟು.

1986ರ ಅಕ್ಟೋಬರ್ 24ರಂದು ಪ್ರಧಾನಿ ರಾಜೀವ್ ಗಾಂಧಿಯವರು ಸೀಬರ್ಡ್ ನೌಕಾನೆಲೆಗೆ ಅಡಿಗಲ್ಲು ಹಾಕಿದರು. ಕಾರವಾರದ ದಕ್ಷಿಣದ ಅರ್ಗಾದಿಂದ ಅಂಕೋಲಾ ತಾಲೂಕಿನ ಬೇಲೆಕೇರಿಯವರೆಗಿನ ಕಡಲದಂಡೆಯ ಊರುಗಳು ಭೂಸ್ವಾಧೀನದ ಪಟ್ಟಿಗೆ ಸೇರಿದವು. ಅಮ್ಮನ ತವರು ಅಂಥ ಒಂದು ಊರು. ಸರ್ವೆಯವರು ಬಂದು ಹಿತ್ತಲಿನ ತೆಂಗು, ಮಾವು, ಹಲಸುಗಳನ್ನು ಒಂದೊಂದಾಗಿ ಎಣಿಸಿ, ಕಾಂಡದ ಮೇಲೆ ಬಣ್ಣದಿಂದ ಅಂಕಿ ಬರೆದರು. ಅಜ್ಜಿ ಅವರಿಗೆ ಎಳನೀರು ಕೊಟ್ಟರು. ಹೋಗುವ ಮುಂಚೆ ಅವರು ಬೇಲಿಯಂಚಿನ ಒಂದು ಸಣ್ಣ ತೆಂಗಿನ ಸಸಿಯನ್ನು ಬಿಟ್ಟಿದ್ದನ್ನು ಕಂಡು, ಇದನ್ನೂ ಬರೆದುಕೊಳ್ಳಿ ಎಂದು ಅಜ್ಜಿ ಕರೆದರು. ಸಸಿಗೆ ಅಂಕಿ ಬರೆಯುವಷ್ಟು ಕಾಂಡ ಇಲ್ಲ ಎಂದು ಅವರು ಕಾಗದದ ಮೇಲೆ ಮಾತ್ರ ಗುರುತು ಹಾಕಿಕೊಂಡರು. ಆ ಊರುಗಳು ನಿಜವಾಗಿ ಖಾಲಿಯಾಗುವ ಹೊತ್ತಿಗೆ ಎಂಬತ್ತರ ದಶಕ ಮುಗಿದು ತೊಂಬತ್ತರದ್ದೂ ಕೊನೆಗೆ ಬಂದಿತ್ತು. ಪರಿಹಾರದ ಮೊಕದ್ದಮೆಗಳು ಅದಕ್ಕಿಂತಲೂ ಎಷ್ಟೋ ವರ್ಷ ಮುಂದೆ ನಡೆದವು. ಮನೆಯ ಹಂಚು ಇಳಿಸುವ ದಿನ ನಾನು ಮಾವನ ಜೊತೆ ಹೋಗಿದ್ದೆ. ಹಳೆಯ ಮರಗಳ ಮೇಲಿನ ಬಣ್ಣ ಮಾಸಿದ್ದರೂ ಅಂಕಿಗಳನ್ನು ಓದಬಹುದಾಗಿತ್ತು. ಆ ಸಸಿ ಮನೆಯ ಮಾಡಿಗಿಂತ ಎತ್ತರ ಬೆಳೆದು ಕಾಯಿ ಬಿಟ್ಟಿತ್ತು. ಮಾವ ಹತ್ತಿ ಒಂದು ಗೊನೆ ಇಳಿಸಿದರು. ಅದನ್ನು ಲಾರಿಯ ಮೇಲೆ, ಹಂಚುಗಳ ಮಧ್ಯೆ ಒಡೆಯದಂತೆ ಇಟ್ಟುಕೊಂಡು ತೋಡೂರಿನ ಪುನರ್ವಸತಿ ಕಾಲೊನಿಗೆ ಹೊರಟೆವು.