ಕೈ ಕಿವಿಗೆ ಎಟುಕುವ ಮೊದಲು ಲಾಗ ಬೇಡ

ಏಪ್ರಿಲ್ ಬಂತೆಂದರೆ ಮೈಸೂರಿನ ಬಡಾವಣೆಗಳ ಗೇಟು, ಕಂಬಗಳ ಮೇಲೆ ಬೇಸಿಗೆ ಶಿಬಿರದ ಚೀಟಿಗಳು ಕಾಣಿಸಿಕೊಳ್ಳುತ್ತವೆ, ಅದರ ಬೆನ್ನಿಗೇ ಪುಟ್ಟ ಮಕ್ಕಳನ್ನು ಜಿಮ್ನಾಸ್ಟಿಕ್ಸ್‌ಗೆ ಸೇರಿಸಬಹುದೇ ಎಂಬ ಒಂದೇ ಪ್ರಶ್ನೆ ಈ ಅಂಕಣಕ್ಕೆ ಹತ್ತಾರು ಮನೆಗಳಿಂದ ಬರುತ್ತದೆ. ಪ್ರತಿ ವರ್ಷ ಎರಡು ಸಾಲಿನಲ್ಲಿ ಉತ್ತರಿಸಿ ಸುಮ್ಮನಾಗುತ್ತಿದ್ದೆ. ಆದರೆ ಈ ವರ್ಷವೂ ಇಂಥ ತರಗತಿಗಳಲ್ಲಿ ಮೊಣಕೈ ಜಾರಿಸಿಕೊಂಡ ಪುಟ್ಟ ಮಕ್ಕಳು ನನ್ನ ಚಿಕಿತ್ಸಾಲಯಕ್ಕೆ ಬಂದಿರುವುದರಿಂದ, ಈ ಸಲ ಆ ಪ್ರಶ್ನೆಗೇ ಹೆಚ್ಚಿನ ಜಾಗ ಕೊಡುತ್ತಿದ್ದೇನೆ.

ನಮ್ಮ ಮಗಳಿಗೆ ಎರಡೂವರೆ ವರ್ಷ. ಮನೆಯ ಹತ್ತಿರದ ಜಿಮ್ನಾಸ್ಟಿಕ್ಸ್ ತರಗತಿಯವರು ‘ಈಗಲೇ ಸೇರಿಸಿ, ಮೂರು ದಾಟಿದರೆ ಮೈ ಬಿಗಿದುಕೊಳ್ಳುತ್ತದೆ, ಆಮೇಲೆ ತಿಪ್ಪರಲಾಗ ಹಾಕಿದರೂ ಕಲಿಯಲಾಗದು’ ಎನ್ನುತ್ತಾರೆ. ಸೇರಿಸಬಹುದೇ? — ತಾಯಿ, ಕುವೆಂಪುನಗರ

ಮೂರು ದಾಟಿದರೆ ಕಲಿಯಲಾಗದು ಎಂಬುದು ಶುದ್ಧ ಸುಳ್ಳು, ಮತ್ತು ಅದನ್ನು ಹೇಳಿ ಶುಲ್ಕ ಪಡೆಯುವವರ ಕೈಗೆ ನಿಮ್ಮ ಮಗಳನ್ನು ಕೊಡಬೇಡಿ. ಅಗರ್ತಲಾದ ಜಿಮ್ನಾಸ್ಟ್ ದೀಪಾ ಕರ್ಮಾಕರ್ ಅಭ್ಯಾಸ ಆರಂಭಿಸಿದ್ದು ಆರನೆಯ ವಯಸ್ಸಿನಲ್ಲಿ. 2016ರ ರಿಯೊ ಒಲಿಂಪಿಕ್ಸ್‌ನ ವಾಲ್ಟ್ (ಓಡಿ ಬಂದು ಮೇಜಿನಂಥ ಉಪಕರಣದ ಮೇಲೆ ಕೈಯೂರಿ ಜಿಗಿಯುವ) ಸ್ಪರ್ಧೆಯಲ್ಲಿ ಅವರು ನಾಲ್ಕನೆಯವರಾದಾಗ ಕಂಚಿನ ಪದಕ ಕೈತಪ್ಪಿದ್ದು ಕೇವಲ 0.15 ಅಂಕದಿಂದ. ಅದೇ ಕೂಟದಲ್ಲಿ ನಾಲ್ಕು ಚಿನ್ನ ಗೆದ್ದ ಅಮೆರಿಕದ ಸಿಮೋನ್ ಬೈಲ್ಸ್ ಕೂಡ ಆರಕ್ಕೇ ಆರಂಭಿಸಿದವರು. ಅಂತರರಾಷ್ಟ್ರೀಯ ಜಿಮ್ನಾಸ್ಟಿಕ್ಸ್ ಒಕ್ಕೂಟದ ನಿಯಮದಂತೆ ಹೆಣ್ಣುಮಕ್ಕಳು ಹಿರಿಯರ ವಿಭಾಗದಲ್ಲಿ ಸ್ಪರ್ಧಿಸಲು ಆ ವರ್ಷದಲ್ಲಿ 16 ತುಂಬಬೇಕು. ಅಂದರೆ ನಿಮ್ಮ ಮಗಳು ಮುಂದೆ ಅಷ್ಟು ದೊಡ್ಡ ಕ್ರೀಡಾಪಟುವೇ ಆಗುವುದಾದರೂ ಈಗ ಕಳೆದುಕೊಳ್ಳುವಂಥದ್ದು ಏನೂ ಇಲ್ಲ.

ಏಕೆ ಬೇಡ ಎನ್ನುತ್ತೇನೆಂದು ನಿಮ್ಮ ಮನೆಯ ಹಿರಿಯರಿಗೆ ಬಹುಬೇಗ ಅರ್ಥವಾಗುತ್ತದೆ. ಜನ್ಮದಿನಾಂಕದ ದಾಖಲೆ ಎಲ್ಲರಲ್ಲೂ ಇಲ್ಲದ ಕಾಲದಲ್ಲಿ ಮಗುವನ್ನು ಶಾಲೆಗೆ ಸೇರಿಸಿಕೊಳ್ಳುವ ಮೊದಲು ಮೇಷ್ಟ್ರು ಅದರ ಬಲಗೈಯನ್ನು ನೆತ್ತಿಯ ಮೇಲಿನಿಂದ ತರಿಸಿ ಎಡಗಿವಿಯನ್ನು ಮುಟ್ಟಿಸುತ್ತಿದ್ದರು. ಕಿವಿ ಸಿಕ್ಕರೆ ದಾಖಲು, ಸಿಗದಿದ್ದರೆ ಬರುವ ವರ್ಷ. ಹುಟ್ಟಿದಾಗ ಮಗುವಿನ ತಲೆಯೇ ಮೈಯುದ್ದದ ಕಾಲುಭಾಗದಷ್ಟಿರುತ್ತದೆ, ಎರಡು ವರ್ಷಕ್ಕೆ ಸುಮಾರು ಐದನೆಯ ಒಂದು ಭಾಗ. ದೊಡ್ಡವರಲ್ಲಿ ಅದು ಏಳರಲ್ಲಿ ಒಂದು ಭಾಗಕ್ಕೂ ಇಳಿದಿರುತ್ತದೆ. ಎರಡೂವರೆ ವರ್ಷದ ಮಗಳನ್ನು ಕೈ ಮೇಲೆತ್ತಿ ನಿಲ್ಲಲು ಹೇಳಿ ನೋಡಿ, ಅಂಗೈಗಳು ನೆತ್ತಿಯನ್ನು ಅಷ್ಟಿಷ್ಟೇ ದಾಟಿರುತ್ತವೆ. ಮುಂದಕ್ಕೆ ಲಾಗ ಹಾಕುವಾಗ ಮೈಭಾರವನ್ನು ಕೈಗಳು ಹೊರಬೇಕು, ಗದ್ದ ಎದೆಗೆ ಸೇರಬೇಕು, ಬೆನ್ನು ದುಂಡಗೆ ಉರುಳಬೇಕು. ಇಷ್ಟು ಗಿಡ್ಡ ಕೈ, ಇಷ್ಟು ಭಾರದ ತಲೆ ಇರುವ ಮಗುವಿನಲ್ಲಿ ಆ ಭಾರ ನೆತ್ತಿಯ ಮೇಲೂ, ಇನ್ನೂ ಬಲಿಯದ ಕುತ್ತಿಗೆಯ ಮೇಲೂ ಬೀಳುತ್ತದೆ. ಕೈ ಎದುರುಕಿವಿಗೆ ಎಟುಕುವುದು ಬಹುತೇಕ ಮಕ್ಕಳಲ್ಲಿ ಆರು ವರ್ಷದ ಆಸುಪಾಸಿನಲ್ಲಿ. ಕ್ರಮಬದ್ಧವಾಗಿ ಲಾಗ, ಕೈಮೇಲೆ ನಿಲ್ಲುವುದು ಮುಂತಾದವನ್ನು ಆರಂಭಿಸಲು ನಾನು ಒಪ್ಪುವ ವಯಸ್ಸೂ ಅದೇ. ಹೇಳಿದ್ದನ್ನು ಕೇಳಿ, ನೆನಪಿಟ್ಟು, ಸರದಿ ಕಾಯುವ ಬುದ್ಧಿಯೂ ಆಗಲೇ ಬರುತ್ತದೆ.

ಹಾಸಿಗೆಯ ಮೇಲೆ ಮಗು ತಾನಾಗಿಯೇ ಉರುಳಿದರೆ ತಡೆಯಬೇಕಿಲ್ಲ, ಏಕೆಂದರೆ ನೋವಾಗುವ ಮೊದಲೇ ಅದು ಮಗ್ಗುಲಿಗೆ ಜಾರಿ ನಗುತ್ತಾ ಏಳುತ್ತದೆ. ದೊಡ್ಡವರೊಬ್ಬರು ಹಿಂದಿನಿಂದ ತಳ್ಳಿ, ‘ಇನ್ನೊಮ್ಮೆ, ಇನ್ನೊಮ್ಮೆ’ ಎಂದು ಹತ್ತು ಸಲ ಮಾಡಿಸುವುದಕ್ಕೂ ಅದಕ್ಕೂ ಹೋಲಿಕೆಯೇ ಇಲ್ಲ.

ಇನ್ನು ಮೈ ಬಳುಕಿಸುವ ವಿಚಾರ. ಕಾಲು ಅಗಲಿಸಿ ಕೂರಿಸಿ ತೊಡೆಯ ಮೇಲೆ ಕೈಯಿಟ್ಟು ಒತ್ತುವ ತರಬೇತುದಾರರನ್ನು ನಾನು ಕಣ್ಣಾರೆ ಕಂಡಿದ್ದೇನೆ, ಮಗು ಅಳುತ್ತಿರುವಾಗ ತಂದೆತಾಯಿಯರು ಮೊಬೈಲಿನಲ್ಲಿ ಚಿತ್ರೀಕರಿಸುತ್ತಿದ್ದುದನ್ನೂ ಕಂಡಿದ್ದೇನೆ. ಈ ವಯಸ್ಸಿನ ಕೀಲುಗಳು ಸಹಜವಾಗಿಯೇ ಸಡಿಲ, ಅವುಗಳಿಗೆ ಬೇಕಾಗಿರುವುದು ಬಲವೇ ಹೊರತು ಇನ್ನಷ್ಟು ಸಡಿಲವಲ್ಲ. ಬೆಳೆಯುತ್ತಿರುವ ಮಗುವಿನ ಮೂಳೆಯ ತುದಿಯಲ್ಲಿರುವ ಮೃದ್ವಸ್ಥಿಯ ಪಟ್ಟಿಯೇ ಆ ಮೂಳೆಯನ್ನು ಉದ್ದಕ್ಕೆ ಬೆಳೆಸುವ ಭಾಗ, ಮತ್ತು ಅದು ಸುತ್ತಲಿನ, ಮೂಳೆಗಳನ್ನು ಹಿಡಿದಿಡುವ ಕಟ್ಟುಗಳಿಗಿಂತ (ಲಿಗಮೆಂಟ್) ದುರ್ಬಲ. ಒತ್ತಿ ಎಳೆದಾಗ ಮೊದಲು ಪೆಟ್ಟಾಗುವುದು ಅದಕ್ಕೇ. ಯಾರಾದರೂ ನಿಮ್ಮ ಮಗುವಿನ ಮೈಯನ್ನು ಬಲವಂತವಾಗಿ ಒತ್ತಿದರೆ ಅಂದೇ ಆ ತರಗತಿಯನ್ನು ಬಿಡಿಸಿ, ಕಟ್ಟಿದ ಹಣದ ಮುಖ ನೋಡಬೇಡಿ.

ಮೂರರಿಂದ ಆರು ವರ್ಷದ ನಡುವೆ ಆಟದ ರೂಪದ ತರಗತಿಗೆ ನನ್ನ ವಿರೋಧವಿಲ್ಲ. ಅಲ್ಲಿ ಮಕ್ಕಳು ತಗ್ಗಾದ ಹಲಗೆಯ ಮೇಲೆ ನಡೆಯಬೇಕು, ಕರಡಿಯಂತೆ ನಾಲ್ಕು ಕಾಲಲ್ಲಿ ಓಡಬೇಕು, ಮೊಣಕಾಲಿನ ಎತ್ತರದಿಂದ ಜಿಗಿದು ಮಂಡಿ ಮಡಿಸಿ ಇಳಿಯಲು ಕಲಿಯಬೇಕು, ತಂದೆಯೋ ತಾಯಿಯೋ ಒಳಗೇ ಇರಬೇಕು. ನೆಲವನ್ನು ನೀವೇ ಕೈಯಿಂದ ಒತ್ತಿ ನೋಡಿ. ನಮ್ಮ ಗರಡಿ ಮನೆಗಳಲ್ಲಿ ಮಟ್ಟಿಯನ್ನು ಅಗೆದು ಹದ ಮಾಡದೆ ದೊಡ್ಡ ಪೈಲ್ವಾನರೂ ಕುಸ್ತಿಗೆ ಇಳಿಯುವುದಿಲ್ಲ. ಹಾಗಿರುವಾಗ ಗ್ರಾನೈಟ್ ನೆಲದ ಮೇಲೆ ಬೆರಳು ದಪ್ಪದ ಫೋಮ್ ತುಂಡುಗಳನ್ನು ಜೋಡಿಸಿ, ಅದರ ಮೇಲೆ ಹಾಲುಗಲ್ಲದ ಮಕ್ಕಳನ್ನು ಉರುಳಿಸುವವರಿಗೆ ಏನು ಹೇಳಬೇಕು?

ನಿಮ್ಮ ಮಗಳಿಗೆ ಈಗ ಬೇಕಾಗಿರುವುದು ತರಗತಿಯಲ್ಲ, ಚಲನೆ. ವಿಶ್ವ ಆರೋಗ್ಯ ಸಂಸ್ಥೆಯ 2019ರ ಮಾರ್ಗಸೂಚಿಯಂತೆ ಈ ವಯಸ್ಸಿನ ಮಗು ದಿನಕ್ಕೆ ಕನಿಷ್ಠ 180 ನಿಮಿಷ ಮೈ ಚಲಿಸುವ ಆಟದಲ್ಲಿರಬೇಕು, ಅಂದರೆ ವಾರಕ್ಕೆ 21 ಗಂಟೆ. ವಾರಕ್ಕೆರಡು ಸಲ ಮುಕ್ಕಾಲು ಗಂಟೆಯ ತರಗತಿಗೆ ಕಳುಹಿಸಿದರೆ ಸಿಗುವುದು ಒಂದೂವರೆ ಗಂಟೆ ಮಾತ್ರ, ಅದರಲ್ಲೂ ಅರ್ಧ ಹೊತ್ತು ಸಾಲಿನಲ್ಲಿ ನಿಂತೇ ಕಳೆಯುತ್ತದೆ. ಕುಕ್ಕರಹಳ್ಳಿ ಕೆರೆಯ ದಂಡೆಯಲ್ಲಿ ಎತ್ತಿಕೊಳ್ಳದೆ ನಡೆಸಿ, ಚೆಲುವಾಂಬ ಉದ್ಯಾನದ ಹುಲ್ಲಿನ ಮೇಲೆ ಬರಿಗಾಲಲ್ಲಿ ಬಿಡಿ. ಮಂಡ್ಯದ ಕಡೆ ಅಜ್ಜಿಯ ಊರಿದ್ದರೆ ಜಗಲಿ ಹತ್ತಿ ಇಳಿಯಲಿ, ಕಣದಲ್ಲಿ ಓಡಲಿ. ಕೆಸರಾದ ಬಟ್ಟೆಯನ್ನು ಒಗೆಯಬಹುದು.

ಜಿಮ್ನಾಸ್ಟಿಕ್ಸ್ ಮಾಡಿದರೆ ಮಕ್ಕಳು ಕುಳ್ಳಾಗುತ್ತಾರೆಯೇ? — ಸರಸ್ವತಿಪುರಂ

ಇಲ್ಲ. ಗಿಡ್ಡ ಮೈಕಟ್ಟಿನವರಿಗೆ ಈ ಆಟ ಸುಲಭವಾದ್ದರಿಂದ ಅವರೇ ಉಳಿದುಕೊಳ್ಳುತ್ತಾರೆ. ಆದರೆ ಹೆಚ್ಚು ಅಭ್ಯಾಸ ಮಾಡಿಸಿ ಊಟ ಕಡಿಮೆ ಕೊಡುವವರ ಬಳಿಗೆ ಕಳುಹಿಸಬೇಡಿ.

ಮೂರು ವರ್ಷದ ಮೊಮ್ಮಗನಿಗೆ ಶೀರ್ಷಾಸನ ಕಲಿಸಬೇಕೆಂಬ ಆಸೆ. ನಮ್ಮದು ಯೋಗದ ಊರಲ್ಲವೇ? — ಗೋಕುಲಂ

ಬೇಡ. ಮೇಲೆ ಕುತ್ತಿಗೆಯ ಬಗ್ಗೆ ಬರೆದಿರುವುದನ್ನು ದಯವಿಟ್ಟು ಇನ್ನೊಮ್ಮೆ ಓದಿ.

ಎರಡು ವರ್ಷವಾದರೂ ಮಾತು ಬಂದಿಲ್ಲ. ಇಂಥ ತರಗತಿಯಿಂದ ಮಾತು ಬರುತ್ತದೆ ಎನ್ನುತ್ತಾರೆ. — ಶ್ರೀರಂಗಪಟ್ಟಣ

ಬರುವುದಿಲ್ಲ. ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಈ ವಾರವೇ ಕರೆದುಕೊಂಡು ಹೋಗಿ, ಮೊದಲು ಶ್ರವಣ ಪರೀಕ್ಷೆ ಮಾಡಿಸಿ.

ಮಗುವಿನ ಪಾದ ಚಪ್ಪಟೆಯಾಗಿದೆ, ವಿಶೇಷ ಬೂಟು ಕೊಳ್ಳಬೇಕೆ? — ಮದ್ದೂರು

ಈ ವಯಸ್ಸಿನಲ್ಲಿ ಬಹುತೇಕ ಎಲ್ಲರ ಪಾದವೂ ಚಪ್ಪಟೆಯೇ. ನೋವಿಲ್ಲದಿದ್ದರೆ ಬೂಟಿನ ಹಣ ಉಳಿಸಿ. ದೀಪಾ ಕರ್ಮಾಕರ್ ಅವರ ಪಾದವೂ ಚಪ್ಪಟೆಯಾಗಿತ್ತು.

ಮಾಲ್‌ನ ಟ್ರ್ಯಾಂಪೊಲಿನ್ ಮೇಲೆ ನಾನೇ ಕೈಹಿಡಿದು ಜಿಗಿಸಿದರೆ ಅಪಾಯವಿಲ್ಲವಲ್ಲ? — ವಿಜಯನಗರ

ಅದೇ ಹೆಚ್ಚಿನ ಅಪಾಯ. ನಿಮ್ಮ ಭಾರಕ್ಕೆ ಪುಟಿದೇಳುವ ಹಾಸು ಕೆಳಗಿಳಿಯುತ್ತಿರುವ ಮಗುವಿನ ಕಾಲಿಗೆ ಬಡಿದು ಮಂಡಿಯ ಕೆಳಗಿನ ಮೂಳೆ ಬಿರಿಯಬಹುದು. ಆರು ವರ್ಷದೊಳಗೆ ಟ್ರ್ಯಾಂಪೊಲಿನ್ ಬೇಡವೇ ಬೇಡ.

ಆಟದಲ್ಲಿ ಕೈಹಿಡಿದು ತೂಗಿದಾಗ ಮಗ ಕೈ ಎತ್ತುವುದನ್ನೇ ನಿಲ್ಲಿಸಿದ. ಉಳುಕು ತೆಗೆಯುವವರ ಬಳಿ ಹೋಗಬಹುದೇ? — ಪಾಂಡವಪುರ

ಹೋಗಬೇಡಿ. ಇದು ಸಾಮಾನ್ಯವಾಗಿ ಒಂದರಿಂದ ನಾಲ್ಕು ವರ್ಷದ ಮಕ್ಕಳಲ್ಲಿ, ಮುಂಗೈ ಹಿಡಿದು ಎಳೆದಾಗ ಅಥವಾ ಜೋತಾಡಿಸಿದಾಗ ಮೊಣಕೈಯ ಮೂಳೆ ತನ್ನನ್ನು ಸುತ್ತಿರುವ ಕಟ್ಟಿನಿಂದ ಜಾರುವುದು. ಮಗು ಕೈಯನ್ನು ಮೈಗೆ ಆನಿಸಿ ಇಳಿಬಿಟ್ಟುಕೊಂಡಿರುತ್ತದೆ, ಊತ ಇರುವುದಿಲ್ಲ. ಬಲ್ಲ ವೈದ್ಯರು ಕ್ಷಣದಲ್ಲಿ ಸರಿಪಡಿಸುತ್ತಾರೆ, ಸಾಮಾನ್ಯವಾಗಿ ಸ್ವಲ್ಪ ಹೊತ್ತಿನಲ್ಲೇ ಮಗು ಅದೇ ಕೈಯಲ್ಲಿ ಬಿಸ್ಕತ್ತು ಹಿಡಿಯುತ್ತದೆ. ಬಿದ್ದು ಊದಿಕೊಂಡಿದ್ದರೆ ಮಾತ್ರ ಎಕ್ಸ್‌ರೇ ಆಗುವವರೆಗೆ ಯಾರೂ ಕೈಯನ್ನು ತಿರುಗಿಸಬಾರದು. ಮೊಟ್ಟೆ ಹಚ್ಚಿ ಬಿದಿರಿನ ಪಟ್ಟಿ ಬಿಗಿದು ಕಟ್ಟಿಸಿಕೊಂಡು, ಬೆರಳು ನೀಲಿಯಾದ ಮೇಲೆ ನನ್ನ ಬಳಿ ಬಂದ ಮಗುವಿನ ಮುಖ ನನಗೆ ಇಂದಿಗೂ ಮರೆತಿಲ್ಲ. ತೂಗಿ ಆಡಿಸುವುದಿದ್ದರೆ ಕಂಕುಳಿನ ಕೆಳಗೆ ಹಿಡಿಯಿರಿ.

ಡೌನ್ ಸಿಂಡ್ರೋಮ್ ಇರುವ ನಾಲ್ಕು ವರ್ಷದ ಮಗನನ್ನು ಎಲ್ಲ ಮಕ್ಕಳಂತೆ ಟಂಬ್ಲಿಂಗ್‌ಗೆ (ಲಾಗ, ಉರುಳಾಟದ ತರಗತಿಗೆ) ಸೇರಿಸಬಹುದೇ? — ತಂದೆ, ಮಂಡ್ಯ

ಎಲ್ಲರೊಂದಿಗೆ ಆಡಿಸಬೇಕೆಂಬ ನಿಮ್ಮ ಮನಸ್ಸು ಸರಿಯಾದದ್ದು, ಆದರೆ ಟಂಬ್ಲಿಂಗ್ ಅವನಿಗೆ ಬೇಡ. ಈ ಮಕ್ಕಳಲ್ಲಿ ಕೆಲವರಿಗೆ ಕುತ್ತಿಗೆಯ ಮೊದಲೆರಡು ಮೂಳೆಗಳನ್ನು ಹಿಡಿದಿಡುವ ಕಟ್ಟುಗಳು ಸಡಿಲವಾಗಿರುತ್ತವೆ, ಲಾಗ ಹಾಕುವಾಗ ಆ ಮೂಳೆಗಳು ಸರಿದರೆ ಒಳಗಿನ ನರಹುರಿಗೆ ಪೆಟ್ಟಾಗುತ್ತದೆ. ಒಮ್ಮೆ ತೆಗೆಸಿದ ಎಕ್ಸ್‌ರೇ ಸರಿಯಿದ್ದ ಮಾತ್ರಕ್ಕೆ ನಿಶ್ಚಿಂತೆಯಿಂದ ಇರುವಂತಿಲ್ಲ. ನೃತ್ಯ, ಚೆಂಡಾಟ, ಹಲಗೆಯ ಮೇಲಿನ ನಡಿಗೆ, ನಿಮ್ಮ ಕೈಯಳತೆಯಲ್ಲಿದ್ದುಕೊಂಡು ನೀರಿನಾಟ, ಇವೆಲ್ಲವೂ ಅವನಿಗೆ ಒಳ್ಳೆಯವು, ಚೆನ್ನಾಗಿ ಆಡಿಸಿ. ಕುತ್ತಿಗೆ ನೋವು, ಕತ್ತು ಓರೆಯಾಗುವುದು, ಚೆನ್ನಾಗಿ ನಡೆಯುತ್ತಿದ್ದವನು ತಡವರಿಸುವುದು, ಕೈಹಿಡಿತ ಸಡಿಲವಾಗುವುದು, ಅಭ್ಯಾಸವಾಗಿದ್ದ ಮೂತ್ರದ ಹಿಡಿತ ತಪ್ಪುವುದು, ಇವುಗಳಲ್ಲಿ ಯಾವುದು ಕಂಡರೂ ಕತ್ತನ್ನು ಅಲುಗಾಡಿಸದೆ ಅಂದೇ ಆಸ್ಪತ್ರೆಗೆ ಕರೆತನ್ನಿ. ಶಾಲೆಗೆ ಸೇರಿಸುವ ದಿನ ಅವನ ತರಗತಿಯ ಶಿಕ್ಷಕರಿಗೂ ಆಟದ ಶಿಕ್ಷಕರಿಗೂ ಇದನ್ನು ಬರೆದುಕೊಡಿ.