ಕೋಡ್ ಬರೆಯುವವಳು ಸಲಹೆಗಾರಳಾಗಬಹುದೇ?

ಪ್ರಶ್ನೆ: ನಾನು ಶಿಡ್ಲಘಟ್ಟ ತಾಲ್ಲೂಕಿನ ರೇಷ್ಮೆ ಬೆಳೆಗಾರರ ಮನೆಯವಳು. ಹನ್ನೊಂದು ವರ್ಷಗಳಿಂದ ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಜಾವಾ ಮತ್ತು ಡೇಟಾಬೇಸ್ ಕೆಲಸ ಮಾಡುತ್ತಿದ್ದೇನೆ. ಸರ್ವರ್ ಕೈಕೊಟ್ಟರೆ ಮೊದಲು ನನ್ನನ್ನೇ ಕರೆಯುತ್ತಾರೆ. ಗ್ರಾಹಕರ ಜೊತೆಗಿನ ಸಭೆಗೆ ಮಾತ್ರ ಬೇರೆಯವರು ಹೋಗುತ್ತಾರೆ. ಸಲಹಾ ವೃತ್ತಿಗೆ, ಮುಂದೆ ತಂಡವನ್ನು ಮುನ್ನಡೆಸುವ ಹುದ್ದೆಗೆ ಹೋಗುವ ಆಸೆಯಿದೆ. ಎಂಬಿಎ ಮಾಡಬೇಕೇ, ಪಿಎಂಪಿಯಂಥ ಯೋಜನಾ ನಿರ್ವಹಣೆಯ ಪ್ರಮಾಣಪತ್ರ ಸಾಕೇ? ಕನ್ನಡ ಮಾಧ್ಯಮದಲ್ಲಿ ಓದಿದ ನನಗೆ ಸಭೆಗಳಲ್ಲಿ ಇಂಗ್ಲಿಷ್ ಮಾತನಾಡಲು ಈಗಲೂ ಅಳುಕು.
– ಓದುಗರೊಬ್ಬರು, ಚಿಕ್ಕಬಳ್ಳಾಪುರ ಜಿಲ್ಲೆ

ಉತ್ತರ: ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲಿ ನಿಮ್ಮ ತಂದೆಯವರ ಜೊತೆ ನೀವೂ ನಿಂತಿರುತ್ತೀರಿ. ಗೂಡು ಕೊಂಡು ನೂಲು ತೆಗೆಯುವ ರೀಲರ್ ರಾಶಿಗೆ ಕೈಹಾಕಿ ನಾಲ್ಕು ಗೂಡು ಎತ್ತಿಕೊಂಡು, ಬೆರಳಿನಿಂದ ಅದುಮಿ, ಕಿವಿಯ ಹತ್ತಿರ ಅಲುಗಿಸಿ ನೋಡುತ್ತಾನೆ. ನಾಲ್ಕನೇ ಜ್ವರ (ಹುಳು ನಾಲ್ಕನೇ ಸಲ ಪೊರೆ ಕಳಚುವ ಹಂತ) ಎದ್ದ ಮೇಲೆ ಎಷ್ಟು ರಾತ್ರಿ ನಿದ್ದೆಗೆಟ್ಟು ಹುಳುವಿಗೆ ಸೊಪ್ಪು ಹಾಕಿದಿರಿ ಎಂದು ಅವನು ಕೇಳುವುದಿಲ್ಲ. ಎಷ್ಟು ಕೆ.ಜಿ. ಗೂಡಿಗೆ ಒಂದು ಕೆ.ಜಿ. ನೂಲು ಬಂದೀತು ಎಂಬ ಲೆಕ್ಕವೊಂದೇ ಅವನ ತಲೆಯಲ್ಲಿರುತ್ತದೆ. ನಿಮ್ಮ ಗ್ರಾಹಕರೂ ಇದೇ ಲೆಕ್ಕದಲ್ಲಿರುತ್ತಾರೆ. ಹನ್ನೊಂದು ವರ್ಷ ನೀವು ಹುಳು ಸಾಕುವುದನ್ನು ಚೆನ್ನಾಗಿ ಕಲಿತಿದ್ದೀರಿ. ಸಲಹೆಗಾರರಾಗಲು ನೂಲಿನ ಲೆಕ್ಕವನ್ನೂ ಮಾತನಾಡಲು ಬರಬೇಕು.

ಇದನ್ನು ನಾನು ಅವಮಾನಪಟ್ಟೇ ಕಲಿತೆ. ಇಪ್ಪತ್ತು ವರ್ಷಗಳ ಹಿಂದೆ ಒಂದು ಕಾರ್ಖಾನೆಯ ಬಿಲ್ಲಿಂಗ್ ವ್ಯವಸ್ಥೆ ಏಕೆ ನಿಧಾನವಾಗಿದೆ ಎಂದು ವಿವರಿಸಲು ಹೋಗಿ, ಇಂಡೆಕ್ಸ್, ಕ್ವೆರಿ ಎಂದು ಮುಕ್ಕಾಲು ಗಂಟೆ ಮಾತನಾಡಿದೆ. ಅಲ್ಲಿನ ಮುಖ್ಯಸ್ಥರು ಕೊನೆಯವರೆಗೂ ಕೇಳಿಸಿಕೊಂಡು, ‘ಇದನ್ನು ಸರಿಪಡಿಸಿದರೆ ಸಂಜೆಯ ಲಾರಿ ಎಷ್ಟು ಗಂಟೆಗೆ ಹೊರಡುತ್ತದೆ?’ ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಬಿಲ್ ಮುದ್ರಣವಾಗದೆ ಲಾರಿಗಳು ಗೇಟಿನಲ್ಲಿ ಕಾಯುತ್ತಿದ್ದುದನ್ನು ನಾನು ಕಣ್ಣಾರೆ ನೋಡಿದ್ದರೂ, ಅದೇ ಅವರ ನಿಜವಾದ ಪ್ರಶ್ನೆ ಎಂದು ಹೊಳೆದಿರಲಿಲ್ಲ.

ಹಾಗಾಗಿ ಮುಂದಿನ ಬಾರಿ ದೋಷವೊಂದನ್ನು ಸರಿಪಡಿಸಿದಾಗ, ತಾಂತ್ರಿಕ ವರದಿಯ ಜೊತೆಗೆ ಇನ್ನೊಂದು ಪುಟ ಬರೆಯಿರಿ. ‘ಕನೆಕ್ಷನ್ ಪೂಲ್ (ಡೇಟಾಬೇಸಿಗೆ ಸಿದ್ಧವಾಗಿಟ್ಟ ಸಂಪರ್ಕಗಳು) ಖಾಲಿಯಾಗಿತ್ತು’ ಎಂಬುದು ಎಂಜಿನಿಯರ್ ಬರೆಯುವ ವಾಕ್ಯ. ‘ತಿಂಗಳ ಕೊನೆಯ ದಿನ ಎರಡು ಗಂಟೆ ಪಾವತಿಗಳು ನಿಂತವು; ಪೂಲ್ ಹಿಗ್ಗಿಸಿದರೆ ಸದ್ಯಕ್ಕೆ ಸಾಕು, ಆದರೆ ವರದಿ ತಯಾರಿಕೆಯನ್ನು ಡೇಟಾಬೇಸಿನ ಇನ್ನೊಂದು ಪ್ರತಿಗೆ ಸಾಗಿಸಿದರೆ ಮುಂದಿನ ತಿಂಗಳೂ ತೊಂದರೆ ಬಾರದು; ಅದಕ್ಕೆ ಮೂರು ವಾರ ಬೇಕು, ನನ್ನ ಆಯ್ಕೆ ಎರಡನೆಯದು, ಕಾರಣ ಹೀಗಿದೆ’ ಎಂಬುದು ಸಲಹೆಗಾರರ ವಾಕ್ಯ. ಎರಡನೆಯದರಲ್ಲಿ ನಷ್ಟ, ಖರ್ಚು, ಆಯ್ಕೆ, ಆ ಆಯ್ಕೆಯ ಹೊಣೆ ಎಲ್ಲವೂ ಇವೆ. ಇಂತಹ ಹತ್ತು ಪುಟಗಳು ನಿಮ್ಮ ಹೆಸರಿನಲ್ಲಿ ಓಡಾಡಿದರೆ ಸಭೆಗೆ ನಿಮ್ಮನ್ನು ಕರೆಯದೆ ಇರುವುದು ಕಷ್ಟವಾಗುತ್ತದೆ.

ನಿಮ್ಮ ಜಿಲ್ಲೆಯ ಮುದ್ದೇನಹಳ್ಳಿಯಲ್ಲಿ ಹುಟ್ಟಿದ ವಿಶ್ವೇಶ್ವರಯ್ಯನವರು ನಡೆದದ್ದೂ ಈ ದಾರಿಯಲ್ಲೇ. 1908ರಲ್ಲಿ ಮೂಸಿ ನದಿ ಉಕ್ಕಿ ಹೈದರಾಬಾದ್ ನಗರ ಕೊಚ್ಚಿಹೋದ ಮೇಲೆ ನಿಜಾಮರ ಸರ್ಕಾರ ಅವರ ಸಲಹೆ ಕೇಳಿತು. ಅವರು ಮುಳುಗಿದ ಬೀದಿಗಳನ್ನಷ್ಟೇ ನೋಡದೆ, ನದಿಯ ಮೇಲ್ಭಾಗದ ಮಳೆಯ ಅಂಕಿಅಂಶಗಳನ್ನೂ ಒಡೆದ ಕೆರೆಗಳನ್ನೂ ಅಧ್ಯಯನ ಮಾಡಿ, ನಗರದ ಮೇಲ್ಗಡೆ ಪ್ರವಾಹವನ್ನು ತಡೆಹಿಡಿಯುವ ಜಲಾಶಯಗಳನ್ನು ಕಟ್ಟುವಂತೆ ಸೂಚಿಸಿದರು. 1909ರಲ್ಲಿ ಮೈಸೂರಿನ ಮುಖ್ಯ ಎಂಜಿನಿಯರ್, 1912ರಲ್ಲಿ ದಿವಾನರಾದರು. ದಿವಾನಗಿರಿಯಲ್ಲೂ ಅವರು ಎಂಜಿನಿಯರರ ಕಣ್ಣನ್ನು ಕಳೆದುಕೊಳ್ಳಲಿಲ್ಲ. ನೀವೂ ತಾಂತ್ರಿಕ ಕೆಲಸದಿಂದ ಪೂರ್ತಿ ದೂರವಾಗಬೇಡಿ.

ಪಿಎಂಪಿಗೆ ನಾಲ್ಕು ವರ್ಷದ ಪದವೀಧರರಿಂದ ಯೋಜನೆ ಮುನ್ನಡೆಸಿದ 36 ತಿಂಗಳ ಅನುಭವವನ್ನೂ 35 ಗಂಟೆಗಳ ತರಬೇತಿಯನ್ನೂ ಕೇಳುತ್ತಾರೆ. ಅಂದರೆ ಮುನ್ನಡೆಸುವುದು ಮೊದಲು, ಪ್ರಮಾಣಪತ್ರ ಆಮೇಲೆ. ನಿಮ್ಮ ಸ್ಥಿತಿಯಲ್ಲಿ ಸಾಲ ಮಾಡಿ ಎಂಬಿಎ ಓದುವ ಅಗತ್ಯ ನನಗೆ ಕಾಣುವುದಿಲ್ಲ. ಮುಂದೆ ಸ್ವತಂತ್ರವಾಗಿ ಸಲಹೆ ಕೊಡುವ ಯೋಚನೆಯಿದ್ದರೆ ಒಂದು ವರ್ಷದ ಮನೆಖರ್ಚನ್ನು ಮೊದಲು ಕೂಡಿಡಿ. ವಾರ್ಷಿಕ ವಹಿವಾಟು 20 ಲಕ್ಷ ರೂಪಾಯಿ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕಾಗುತ್ತದೆ ಎಂಬುದೂ ಗಮನದಲ್ಲಿರಲಿ.

ನಾಯಕತ್ವದ ವಿಷಯದಲ್ಲಿ ಸ್ವಲ್ಪ ಕಟುವಾಗಿ ಹೇಳುತ್ತೇನೆ, ಬೇಸರಿಸಬೇಡಿ. ಸರ್ವರ್ ಕೆಟ್ಟಾಗ ನಿಮ್ಮನ್ನೇ ಕರೆಯುವುದು ಗೌರವ ನಿಜ, ಆದರೆ ನಿಮ್ಮನ್ನು ಅಲ್ಲೇ ಕಟ್ಟಿಹಾಕಿರುವುದೂ ಅದೇ. ತಂಡದ ಕಿರಿಯರೊಬ್ಬರನ್ನು ಆರಿಸಿ, ಅವರು ದೋಷ ಹುಡುಕುವಾಗ ಪಕ್ಕದಲ್ಲಿ ಕುಳಿತು, ಕೀಬೋರ್ಡ್ ಮುಟ್ಟದೆ ಪ್ರಶ್ನೆಗಳನ್ನು ಮಾತ್ರ ಕೇಳಿ. ನೀವೇ ಹತ್ತು ನಿಮಿಷದಲ್ಲಿ ಮಾಡುವ ಕೆಲಸಕ್ಕೆ ಅವರಿಗೆ ಒಂದು ಗಂಟೆ ಹಿಡಿಯುತ್ತದೆ. ಆ ಗಂಟೆಯನ್ನು ಸಹಿಸಿಕೊಳ್ಳಲು ಕಲಿತವರಷ್ಟೇ ತಂಡ ಕಟ್ಟುತ್ತಾರೆ.

ಇಂಗ್ಲಿಷಿನ ಅಳುಕು ನಿಮ್ಮೊಬ್ಬರದಲ್ಲ, ನನಗೂ ಬಹಳ ಕಾಲ ಇತ್ತು. ಹೇಳಬೇಕಾದುದನ್ನು ಮೊದಲು ಮನೆಯಲ್ಲಿ ಕನ್ನಡದಲ್ಲಿ ನಿಮ್ಮ ತಾಯಿಗೆ ಹೇಳಿ ನೋಡಿ. ಅವರಿಗೆ ಅರ್ಥವಾಗುವಷ್ಟು ತಿಳಿಯಾದ ವಿಚಾರವನ್ನು ಸಣ್ಣ ಸಣ್ಣ ಇಂಗ್ಲಿಷ್ ವಾಕ್ಯಗಳಲ್ಲಿ ಹೇಳುವುದು ನೀವು ಅಂದುಕೊಂಡಷ್ಟು ಕಷ್ಟವಲ್ಲ. ಅಲ್ಲದೆ ಮೊದಲ ಸಭೆಯಲ್ಲಿ ಮಾತನಾಡಲೇಬೇಕೆಂದೂ ಇಲ್ಲ. ಟಿಪ್ಪಣಿ ಬರೆದುಕೊಳ್ಳಲು ಬರುತ್ತೇನೆ ಎಂದು ಮ್ಯಾನೇಜರರನ್ನು ಈ ವಾರವೇ ಕೇಳಿ; ಸಭೆ ಮುಗಿದ ಸಂಜೆಯೇ ಗ್ರಾಹಕರು ಕೇಳಿದ್ದೇನು, ಅವರಿಗೆ ನಿಜಕ್ಕೂ ಬೇಕಾದದ್ದೇನು ಎಂದು ಎರಡು ಸಾಲು ಬರೆದು ಎಲ್ಲರಿಗೂ ಕಳುಹಿಸಿ.